ಬೇರೆ ಭಾಷೆಯ ಪೊಲೀಸ್ ಠಾಣೆಯಲ್ಲಿ ತಯಾರಾದ ಸಂಪಾದಕ

ಪ್ರಶ್ನೆ: ಕನ್ನಡ ದಿನಪತ್ರಿಕೆಯೊಂದರಲ್ಲಿ ಎಂಟು ವರ್ಷ ವರದಿಗಾರ್ತಿಯಾಗಿದ್ದೆ. ಪತಿಯ ಕೆಲಸದ ನಿಮಿತ್ತ ನ್ಯೂಜೆರ್ಸಿಗೆ ಬಂದು ಎರಡು ವರ್ಷವಾಯಿತು. ಈಗ ಇಲ್ಲಿನ ಸಣ್ಣದೊಂದು ಇಂಗ್ಲಿಷ್ ವಾರಪತ್ರಿಕೆಗೆ ಊರಸಭೆ, ಶಾಲಾ ಮಂಡಳಿ, ಅಪಘಾತದ ಸುದ್ದಿ ಬರೆಯುತ್ತೇನೆ. ಇತ್ತೀಚೆಗೆ ಕನ್ನಡ ಕೂಟವೊಂದು ತನ್ನ ಮಾಸಪತ್ರಿಕೆಗೆ ಸಂಪಾದಕಿಯಾಗಿ ಬನ್ನಿ ಎಂದು ಕೇಳುತ್ತಿದೆ. ವಲಸೆ ಬಂದು ಸಂಪಾದಕರಾದವರು ಎಂದರೆ ಎಲ್ಲರೂ ಪುಲಿಟ್ಜರ್ ಹೆಸರು ಹೇಳುತ್ತಾರೆ. ದುಡ್ಡು ಹಾಕಿ ಪತ್ರಿಕೆ ಕೊಳ್ಳದೆ, ಬರೀ ವರದಿಗಾರಿಕೆಯ ಬಲದಿಂದ ಆ ಕುರ್ಚಿಗೆ ಬಂದ ವಲಸಿಗರು ಇದ್ದಾರೆಯೇ? ಅವರ ದಾರಿ ಹೇಗಿತ್ತು? ಇಂಗ್ಲಿಷಿನಲ್ಲಿ ಬರೆದೂ ಬರೆದೂ ನನ್ನ ಕನ್ನಡಕ್ಕೆ ತುಕ್ಕು ಹಿಡಿಯುತ್ತದೆಯೇ ಎಂಬ ಅಳುಕೂ ಇದೆ.

ಉತ್ತರ: ಪುಲಿಟ್ಜರ್ ಬಗ್ಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹಂಗೇರಿಯ ಮಾಕೋ ಊರಿನ ಆ ಹುಡುಗ 1864ರಲ್ಲಿ ಅಂತರ್ಯುದ್ಧದ ಸೈನ್ಯಕ್ಕೆ ಭರ್ತಿಯಾಗಿ ಅಮೆರಿಕಕ್ಕೆ ಬಂದ. 1868ರಲ್ಲಿ ಸೇಂಟ್ ಲೂಯಿಸ್ ನಗರದ ಜರ್ಮನ್ ಪತ್ರಿಕೆಯೊಂದರಲ್ಲಿ ವರದಿಗಾರನಾದ. ಅಲ್ಲಿಯವರೆಗೆ ಅದು ನಿಮ್ಮಂಥವರ ಕಥೆಯೇ. ಆದರೆ 1878ರಲ್ಲಿ ಆತ ಹರಾಜಿನಲ್ಲಿ ಒಂದು ಪತ್ರಿಕೆ ಕೊಂಡ, 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಕೊಂಡ. ಮಾಲೀಕನೇ ಸಂಪಾದಕನಾದರೆ ಅವನ ಕುರ್ಚಿ ಅಲುಗಾಡಿಸುವವರು ಯಾರು? ಸಂಬಳಕ್ಕೆ ಕೂತ ಸಂಪಾದಕನ ಪಾಡೇ ಬೇರೆ.

ನೀವು ಹುಡುಕುತ್ತಿರುವ ಮನುಷ್ಯನ ಹೆಸರು ಅಬ್ರಹಾಂ ಕಹಾನ್. ಯಿಡ್ಡಿಷ್ ಎಂದರೆ ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆ. ಆ ಭಾಷೆಯ ನ್ಯೂಯಾರ್ಕಿನ ದಿನಪತ್ರಿಕೆ ‘ಫೋರ್ವರ್ಟ್ಸ್’ ಅನ್ನು 1903ರಿಂದ ನಾಲ್ಕು ದಶಕಕ್ಕೂ ಮೇಲ್ಪಟ್ಟು ನಡೆಸಿದವನು. ಪತ್ರಿಕೆಯಲ್ಲಿ ಆತನ ಒಂದು ಡಾಲರ್ ಒಡೆತನವೂ ಇರಲಿಲ್ಲ. ಅದರ ಒಡೆಯ ‘ಫಾರ್ವರ್ಡ್ ಅಸೋಸಿಯೇಶನ್’ ಎಂಬ ಸದಸ್ಯರ ಸಂಘ. ಅಂದರೆ ಸಮಿತಿ, ಸಭೆ, ಠರಾವು, ಗುಂಪುಗಾರಿಕೆ ಎಲ್ಲವೂ ಇದ್ದ ಜಾಗ. ಕನ್ನಡ ಕೂಟದ ಪತ್ರಿಕೆಗೆ ಕರೆ ಬಂದಿದೆ ಎಂದಿರಲ್ಲ, ಹೋಲಿಕೆ ಅಷ್ಟೇನೂ ದೂರದ್ದಲ್ಲ.

ನಿಮ್ಮ ಅಳುಕಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಹಾನನನ್ನು ಯಿಡ್ಡಿಷ್ ಸಂಪಾದಕನಾಗಿ ಮಾಡಿದ್ದು ಆತ ಯಿಡ್ಡಿಷ್ ಬಿಟ್ಟು ಇಂಗ್ಲಿಷ್ ಪತ್ರಿಕೆಯಲ್ಲಿ ಕಳೆದ ನಾಲ್ಕು ವರ್ಷ. ಅದಕ್ಕೂ ಮೊದಲು ಆತ ಸಂಪಾದಕನಾಗಿದ್ದ ನಿಜ, ಆದರೆ ಚಳವಳಿಯ ಸಂಪಾದಕ. ಜನರ ಸಂಪಾದಕನಾದದ್ದು ಆಮೇಲೆ.

ಹುಟ್ಟಿದ್ದು 1860ರಲ್ಲಿ, ಇಂದಿನ ಲಿಥುವೇನಿಯದ ವಿಲ್ನಾ ನಗರದ ಹತ್ತಿರದ ಹಳ್ಳಿಯಲ್ಲಿ. ಅಜ್ಜ ಯಹೂದಿ ಧರ್ಮಗುರು. ವಿಲ್ನಾದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಸಣ್ಣ ಊರೊಂದರಲ್ಲಿ ಮೇಷ್ಟರಾದ. 1881ರಲ್ಲಿ ಝಾರ್ ಎರಡನೇ ಅಲೆಕ್ಸಾಂಡರನ ಹತ್ಯೆಯಾದ ಮೇಲೆ ಕ್ರಾಂತಿಕಾರಿಗಳ ಒಡನಾಟವಿದ್ದ ತರುಣರ ಮನೆಗಳಿಗೆ ಪೊಲೀಸರು ನುಗ್ಗತೊಡಗಿದರು. ಈತ ಗಡಿ ದಾಟಿ ತಪ್ಪಿಸಿಕೊಂಡ. 1882ರ ಜೂನ್‌ನಲ್ಲಿ ಹಡಗು ಫಿಲಡೆಲ್ಫಿಯಾ ತಲುಪಿತು, ಅಲ್ಲಿಂದ ನ್ಯೂಯಾರ್ಕ್. ವಯಸ್ಸು ಇಪ್ಪತ್ತೆರಡು ತುಂಬಿರಲಿಲ್ಲ. ಸಿಗಾರ್ ಕಾರ್ಖಾನೆಯಲ್ಲಿ ದುಡಿದ, ತಗಡಿನ ಕಾರ್ಖಾನೆಯಲ್ಲಿ ದುಡಿದ. ಇಂಗ್ಲಿಷ್ ಕಲಿಯಲು ಆತ ಮಾಡಿದ್ದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ: ಸರ್ಕಾರಿ ಶಾಲೆಗೆ ಹೋಗಿ, ಹನ್ನೆರಡು ಹದಿಮೂರು ವರ್ಷದ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತ. ಊರಲ್ಲಿ ಮೇಷ್ಟರಾಗಿದ್ದವನು! ಹೀಗೆ ಕಲಿತ ಇಂಗ್ಲಿಷನ್ನು ಕೆಲವೇ ದಿನಗಳಲ್ಲಿ ತನ್ನಂಥ ವಲಸಿಗರಿಗೆ ರಾತ್ರಿ ಶಾಲೆಯಲ್ಲಿ ಕಲಿಸತೊಡಗಿದ. ಕಾಲ ಸಂದಂತೆ ‘ನ್ಯೂಯಾರ್ಕ್ ಸನ್’ ಪತ್ರಿಕೆಗೆ ಯಹೂದಿ ಕೇರಿಯ ಚಿತ್ರಗಳನ್ನು ಬಿಡಿಬಿಡಿಯಾಗಿ ಬರೆದು ಮಾರಿದ. ನಮ್ಮಲ್ಲಿ ಸ್ಟ್ರಿಂಗರ್ ಎನ್ನುತ್ತೇವಲ್ಲ, ಆ ಪೈಕಿ.

ಬಂದ ವರ್ಷದ ಬೇಸಿಗೆಯಲ್ಲೇ ನಡೆದ ಒಂದು ಪ್ರಸಂಗವಿದೆ. ವಲಸೆ ಬಂದ ಯಹೂದಿ ಕಾರ್ಮಿಕರಿಗೆ ಸಮಾಜವಾದ ಬೋಧಿಸಲು ವಿದ್ಯಾವಂತರು ಸಭೆ ಕರೆದಿದ್ದರು. ಭಾಷಣಗಳೆಲ್ಲ ರಷ್ಯನ್ ಮತ್ತು ಜರ್ಮನ್ ಭಾಷೆಯಲ್ಲಿ. ಕೇಳುವವರು ಆಡುವುದು ಯಿಡ್ಡಿಷ್. ಅದರಲ್ಲೇಕೆ ಮಾತಾಡಬಾರದು ಎಂದು ಕಹಾನ್ ಕೇಳಿದ. ರಷ್ಯನ್ ಬಾರದ ಯಹೂದಿ ಯಾರಿದ್ದಾನೆ ಎಂದು ಅವರು ನಕ್ಕರು. ನನ್ನ ಅಪ್ಪನಿಗೇ ಬಾರದು ಎಂದ ಕಹಾನ್. ಹಾಗಾದರೆ ನೀನೇ ಮಾತಾಡು ಎಂದು ತಮಾಷೆಗೆ ಒಪ್ಪಿಸಿದರು. ಜರ್ಮನ್ ಹೆಂಡದಂಗಡಿಯ ಹಿಂದಿನ ಹಾಲಿನಲ್ಲಿ ಆತ ಆಡಿದ ಮಾತನ್ನೇ ಅಮೆರಿಕದಲ್ಲಿ ಯಿಡ್ಡಿಷಿನಲ್ಲಾದ ಮೊದಲ ಸಮಾಜವಾದಿ ಭಾಷಣ ಎಂದು ಚರಿತ್ರೆಕಾರರು ಲೆಕ್ಕ ಹಿಡಿಯುತ್ತಾರೆ. ಮುಂದೆ ಸಂಪಾದಕನಾದಾಗಲೂ ಆತನ ಅಳತೆಗೋಲು ಆ ಅಪ್ಪನೇ.

1890ರಲ್ಲಿ ‘ಆರ್ಬೈಟರ್ ಝೈಟುಂಗ್’ ಎಂಬ ಕಾರ್ಮಿಕ ವಾರಪತ್ರಿಕೆ ಶುರುವಾಯಿತು. ಅದರಲ್ಲಿ ಬರೆದ, ಬೇಗನೆ ಅದರ ಸಂಪಾದಕನೂ ಆದ. ಅಲ್ಲಿನ ಒಂದು ಅಂಕಣದಲ್ಲಿ ಆತ ಆ ವಾರ ಪ್ರಾರ್ಥನಾ ಮಂದಿರದಲ್ಲಿ ಓದುವ ತೋರಾ ಎಂಬ ಯಹೂದಿ ಧರ್ಮಗ್ರಂಥದ ಭಾಗವನ್ನು ಎತ್ತಿಕೊಂಡು ಮುಷ್ಕರದ ಮಾತಿಗೆ ಇಳಿಯುತ್ತಿದ್ದ. ಆರು ದಿನ ದುಡಿ, ಏಳನೆಯ ದಿನ ಬಿಡುವು ಮಾಡು ಎಂದು ಮೋಶೆಯೇ ಹೇಳಿದ್ದಾನೆ. ಕೋಟು ಹೊಲಿಸುವ ಯಜಮಾನರು ಕೇಳುತ್ತಾರೆಯೇ? ಹೀಗೆ ಅದರ ಧಾಟಿ. ಹರಿಕಥೆ ದಾಸರು ಕುಚೇಲನ ಅವಲಕ್ಕಿಯಿಂದ ಎದ್ದು ಪೇಟೆಯ ಅವಲಕ್ಕಿ ದರಕ್ಕೆ ಬರುತ್ತಾರಲ್ಲ, ಅದೇ ಜಾಡು. ಓದುಗರಿಗೆ ಇಷ್ಟವಾಯಿತು, ಸಮಾಜವಾದಿ ಪಕ್ಷದ ಪಂಡಿತರಿಗೆ ಮುಜುಗರವಾಯಿತು.

ಪಕ್ಷ ಒಡೆಯಿತು. ಬೇರೆಯಾದವರು 1897ರ ಏಪ್ರಿಲ್ 22ರಂದು ‘ಫೋರ್ವರ್ಟ್ಸ್’ ಹೊರತಂದರು; ಕಹಾನನೇ ಮೊದಲ ಸಂಪಾದಕ. ಕೆಲವೇ ತಿಂಗಳಲ್ಲಿ ಬಿಟ್ಟು ನಡೆದ. ಜೊತೆಗಾರರಿಗೆ ಎದುರು ಬಣವನ್ನು ದಿನವೂ ತರಾಟೆಗೆ ತೆಗೆದುಕೊಳ್ಳುವ ಪತ್ರಿಕೆ ಬೇಕಿತ್ತು. ಈತನಿಗೆ ಬೇಕಿದ್ದದ್ದು ಹೊಲಿಗೆ ಯಂತ್ರದಿಂದ ಎದ್ದು ಬಂದವನು ಓದುವ ಪತ್ರಿಕೆ.

ಹಾಗೆ ಬಿಟ್ಟು ಹೋದದ್ದೇ ಆತನ ಭಾಗ್ಯ ಎಂದು ನಾನು ತಿಳಿದಿದ್ದೇನೆ. ಅದೇ ವರ್ಷದ ಕೊನೆಗೆ ‘ಕಮರ್ಷಿಯಲ್ ಅಡ್ವರ್ಟೈಸರ್’ ಎಂಬ ಹಳೆಯ ಇಂಗ್ಲಿಷ್ ಪತ್ರಿಕೆಗೆ ಸೇರಿದ. ಅಲ್ಲಿ ನಗರ ಸುದ್ದಿಯ ಹೊಣೆ ಹೊತ್ತಿದ್ದವನು ಲಿಂಕನ್ ಸ್ಟೆಫನ್ಸ್. ಕಹಾನನಿಗೆ ಸಿಕ್ಕಿದ್ದು ಮಲ್ಬೆರಿ ಬೀದಿಯ ಪೊಲೀಸ್ ಕೇಂದ್ರ ಕಚೇರಿ. ನ್ಯೂಯಾರ್ಕಿನ ಕೊಳೆಗೇರಿಗಳ ಫೋಟೊಗಳಿಂದ ಹೆಸರಾದ ಡೆನ್ಮಾರ್ಕಿನ ವಲಸಿಗ ಜೇಕಬ್ ರೀಸ್ ವರ್ಷಾನುಗಟ್ಟಲೆ ಸುದ್ದಿಗಾಗಿ ಕಾದಿದ್ದದ್ದು ಅಲ್ಲೇ.

ನೀವು ಅಪಘಾತದ ಸುದ್ದಿ ಬರೆಯುವವರು. ಮುಂದಿನ ಪ್ರಸಂಗ ನಿಮಗೆ ಬೇಗ ಹತ್ತಿರವಾದೀತು. ಒಬ್ಬ ಹೆಂಡತಿಯನ್ನು ಕೊಚ್ಚಿ ಕೊಂದಿದ್ದ. ನಮ್ಮ ಡೆಸ್ಕುಗಳಲ್ಲಿ ಅದು ‘ಪತಿಯಿಂದ ಪತ್ನಿಯ ಬರ್ಬರ ಹತ್ಯೆ’ ಎಂಬ ಶೀರ್ಷಿಕೆಯ ಒಂದೂವರೆ ಕಾಲಂ ಸುದ್ದಿ. ಸ್ಟೆಫನ್ಸ್ ಕಹಾನನನ್ನು ಕಳಿಸುವಾಗ ಹೇಳಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದರ ಸಾರ ಇಷ್ಟು: ಆ ಗಂಡಸು ಒಂದು ಕಾಲಕ್ಕೆ ಆ ಹೆಂಗಸನ್ನು ಮದುವೆಯಾಗುವಷ್ಟು ಪ್ರೀತಿಸಿದ್ದ; ಈಗ ತುಂಡರಿಸುವಷ್ಟು ದ್ವೇಷಿಸಿದ್ದಾನೆ. ಮದುವೆಯ ದಿನದಿಂದ ಕೊಲೆಯ ದಿನದವರೆಗೆ ನಡುವೆ ಏನಾಯಿತು ಎಂದು ತಿಳಿದು ಬಾ. ನಿನಗೆ ಒಂದು ಕಾದಂಬರಿ ಸಿಗುತ್ತದೆ, ನನಗೆ ಒಂದು ಸಣ್ಣಕಥೆ. ಆತುರ ಬೇಡ.

ಆತುರ ಬೇಡ ಎಂದು ವರದಿಗಾರನಿಗೆ ಹೇಳುವ ಸುದ್ದಿ ಸಂಪಾದಕ! ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲ. ನಾನೂ ಯಾರಿಗೂ ಹಾಗೆ ಹೇಳಲಿಲ್ಲ.

ಈ ನಾಲ್ಕು ವರ್ಷದಲ್ಲಿ ಕಹಾನ್ ಕಲಿತದ್ದು ಇಂಗ್ಲಿಷಲ್ಲ, ಅದು ಆಗಲೇ ಬಂದಿತ್ತು. 1896ರಲ್ಲೇ ‘ಯೆಕ್ಲ್’ ಎಂಬ ಇಂಗ್ಲಿಷ್ ಕಿರುಕಾದಂಬರಿ ಪ್ರಕಟಿಸಿ, ಆ ಕಾಲದ ದೊಡ್ಡ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್‌ನಿಂದ ಭೇಷ್ ಎನ್ನಿಸಿಕೊಂಡಿದ್ದ. ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ, ವಲಸಿಗರು ಬಂದಿಳಿಯುವ ಕಟ್ಟೆಯಲ್ಲಿ ಆತ ಕಲಿತದ್ದು ತನ್ನವರಲ್ಲದವರ ಮನೆಯ ಬಾಗಿಲು ತಟ್ಟುವುದನ್ನು. ಐರಿಷ್ ಪೊಲೀಸ, ಇಟಾಲಿಯನ್ ಹಣ್ಣಿನವನು, ಹೊಡೆತ ತಿಂದು ಬಂದ ಹೆಂಗಸು. ಇವರ ಯಾರ ಮುಂದೆಯೂ ಮಾರ್ಕ್ಸ್ ಹೆಸರು ಹೇಳಿ ಪಾರಾಗುವಂತಿರಲಿಲ್ಲ. ಏನಾಯಿತು, ಎಷ್ಟು ಹೊತ್ತಿಗೆ, ಆಗ ಒಲೆಯ ಮೇಲೆ ಏನಿತ್ತು ಎಂದು ಕೇಳಲೇಬೇಕು. ಪರಭಾಷೆಯಲ್ಲಿ ಬರೆಯುವವನಿಗೆ ಸಿದ್ಧ ಪದಗಳ ದಾಸ್ತಾನು ಇರುವುದಿಲ್ಲ, ಕಂಡದ್ದನ್ನೇ ಬರೆಯಬೇಕಾಗುತ್ತದೆ.

ಇಲ್ಲಿ ನನ್ನದೇ ಒಂದು ಮಾತು. ಉಪಸಂಪಾದಕನಾಗಿ ಸೇರಿದ ಮೊದಲ ತಿಂಗಳು ಒಂದು ಸುದ್ದಿ ಬರೆದಿದ್ದೆ: ‘ಆಕಸ್ಮಿಕ ಅಗ್ನಿ ಅವಘಡದಲ್ಲಿ ಅಪಾರ ಪ್ರಮಾಣದ ಆಸ್ತಿಪಾಸ್ತಿ ನಷ್ಟ ಸಂಭವಿಸಿದೆ.’ ಪಕ್ಕದ ಮೇಜಿನ ಹಿರಿಯರು ಓದಿ, “ಸುಟ್ಟದ್ದು ಏನಪ್ಪಾ?” ಎಂದು ಕೇಳಿದರು. ಎರಡು ಹುಲ್ಲಿನ ಬಣವೆ, ಒಂದು ಕೊಟ್ಟಿಗೆ ಎಂದೆ. “ಎಮ್ಮೆ?” ಗೊತ್ತಿರಲಿಲ್ಲ. ಜಿಲ್ಲಾ ವರದಿಗಾರನಿಗೆ ಫೋನ್ ಮಾಡಿಸಿದರು. ಎಮ್ಮೆ ಬದುಕಿತ್ತು, ಹಗ್ಗ ಕಿತ್ತುಕೊಂಡು ಓಡಿತ್ತು. ಮರುದಿನದ ಸುದ್ದಿ ಆ ಎಮ್ಮೆಯದೇ. ನಿಮ್ಮ ಕನ್ನಡಕ್ಕೆ ತುಕ್ಕು ಹಿಡಿಸುವುದು ಇಂಗ್ಲಿಷಲ್ಲ, ಆ ‘ಅಪಾರ ಪ್ರಮಾಣ’ವೇ. ಅದು ಊರಿನಲ್ಲೇ ಕೂತವರಿಗೂ ಹಿಡಿಯುತ್ತದೆ.

1902ರಲ್ಲಿ ‘ಫೋರ್ವರ್ಟ್ಸ್’ ಸೊರಗಿತ್ತು, ಮತ್ತೆ ಕರೆದರು. ಹೋದ, ಅರ್ಧ ವರ್ಷದೊಳಗೆ ಜಗಳವಾಡಿ ಮತ್ತೆ ಬಿಟ್ಟ. 1903ರಲ್ಲಿ ಮೂರನೆಯ ಸಲ ಕರೆದಾಗ ಆತನ ಷರತ್ತು ಒಂದೇ: ಪತ್ರಿಕೆಯಲ್ಲಿ ಏನು ಅಚ್ಚಾಗಬೇಕು ಎಂಬುದರಲ್ಲಿ ನನ್ನ ಮಾತೇ ಕೊನೆ. ಸಂಘ ಒಪ್ಪಿತು. ಆಮೇಲೆ ಏಳಲಿಲ್ಲ.

ಮೊದಲು ಕೈ ಹಾಕಿದ್ದು ಭಾಷೆಗೆ. ಆ ಕಾಲದ ಯಿಡ್ಡಿಷ್ ಪತ್ರಿಕೆಗಳು ಗತ್ತಿಗಾಗಿ ಜರ್ಮನ್ ಪದಗಳನ್ನು ತುರುಕುತ್ತಿದ್ದವು. ನಮ್ಮ ಹಳೆಯ ಸಂಪಾದಕೀಯಗಳಲ್ಲಿ ಸಂಸ್ಕೃತ ಸಮಾಸಗಳು ಮೆರವಣಿಗೆ ಹೊರಡುತ್ತಿದ್ದಂತೆ. ಕಹಾನ್ ಅದನ್ನೆಲ್ಲ ಕಿತ್ತು, ಯಹೂದಿ ಕೇರಿಯ ಹೆಸ್ಟರ್ ಬೀದಿಯಲ್ಲಿ ತರಕಾರಿ ಚೌಕಾಸಿ ಮಾಡುವ ಮಾತನ್ನು ತಂದ. ಆ ಮಾತಿನೊಳಗೆ ಶಾಪ್, ಬಾಸ್, ವಿಂಡೋ ಎಂಬ ಇಂಗ್ಲಿಷ್ ಪದಗಳು ಆಗಲೇ ಬೆರೆತಿದ್ದವು, ಅವನ್ನೂ ಇರಗೊಟ್ಟ. ಭಾಷೆ ಕುಲಗೆಡಿಸಿದ ಎಂದು ಯಿಡ್ಡಿಷ್ ಪ್ರೇಮಿಗಳು ಕೊನೆಯವರೆಗೂ ಬೈದರು. ಆ ಬೈಗುಳದಲ್ಲಿ ಸ್ವಲ್ಪ ಹುರುಳಿತ್ತು ಎಂದೇ ನನಗನ್ನಿಸುತ್ತದೆ: ಕಹಾನನಿಗೆ ಯಿಡ್ಡಿಷ್ ಎಂದರೆ ಜನರನ್ನು ಅಮೆರಿಕಕ್ಕೆ ದಾಟಿಸುವ ದೋಣಿ. ದಾಟಿದ ಮೇಲೆ ದೋಣಿಯ ಗತಿ ಏನು ಎಂಬ ಚಿಂತೆ ಆತನಿಗೆ ಇದ್ದಂತೆ ಕಾಣುವುದಿಲ್ಲ.

ಹಾಗೆ ನೋಡಿದರೆ ಕನ್ನಡದ ಮೊದಲ ಪತ್ರಿಕೆಯೂ ವಲಸಿಗನದೇ. ಜರ್ಮನಿಯಿಂದ 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ. ಪರಊರಿನಿಂದ ಬಂದು ಭಾಷೆ ಕಲಿತವನಿಗೆ, ಓದುವವನಿಗೆ ತಿಳಿಯಿತೇ ಎಂಬ ಪ್ರಶ್ನೆ ಮೊದಲು ಹೊಳೆಯುತ್ತದೆ. ನಮಗೆ ಹೊಳೆಯುವುದು ತಡ.

ಎರಡನೆಯದು ವಿಷಯ. ವಾಪಸಾದ ಹೊಸತರಲ್ಲಿ ತಾಯಂದಿರಿಗೆ ಒಂದು ಲೇಖನ ಬರೆದ: ಮಕ್ಕಳನ್ನು ಶಾಲೆಗೆ ಕಳಿಸುವಾಗ ಜೇಬಿನಲ್ಲಿ ಕರವಸ್ತ್ರ ಇಟ್ಟು ಕಳಿಸಿ. ಸಂಗಾತಿಗಳು ಕೆಂಡವಾದರು. ಸಮಾಜವಾದಿ ಪತ್ರಿಕೆಯಲ್ಲಿ ಮೂಗು ಒರೆಸುವ ಪಾಠವೇ? ಸಮಾಜವಾದ ಯಾವಾಗಿನಿಂದ ಶುಚಿಯಾದ ಮೂಗಿಗೆ ವಿರುದ್ಧವಾಯಿತು ಎಂದು ಕಹಾನ್ ಕೇಳಿದನಂತೆ. ಮಗ ಬೇಸ್‌ಬಾಲ್ ಎಂಬ ಹುಚ್ಚಾಟಕ್ಕೆ ಬಿದ್ದಿದ್ದಾನೆ ಎಂದು ತಂದೆಯೊಬ್ಬ ದೂರಿದಾಗ, ಓದಿಗೆ ಅಡ್ಡಿಯಾಗದಿದ್ದರೆ ಆಡಲಿ ಬಿಡಿ ಎಂದು ಬರೆದ. 1909ರಲ್ಲಿ ‘ಫೋರ್ವರ್ಟ್ಸ್’ ಮೈದಾನದ ನಕ್ಷೆ ಸಮೇತ ಆ ಆಟವನ್ನು ಓದುಗರಿಗೆ ವಿವರಿಸಿತು. ಹೆಂಡತಿ ಮಕ್ಕಳನ್ನು ಬಿಟ್ಟು ಪರಾರಿಯಾದ ಗಂಡಂದಿರ ಫೋಟೊಗಳನ್ನು ಸಾಲಾಗಿ ಅಚ್ಚು ಮಾಡುವ ಅಂಕಣವೂ ಇತ್ತು. ಇದಕ್ಕಿಂತ ಒಳ್ಳೆಯ ಅಪರಾಧ ವರದಿಗಾರಿಕೆ ಯಾವುದಿದೆ ಹೇಳಿ.

ಈಗ 1906ರ ಜನವರಿ 20ಕ್ಕೆ ಬರೋಣ. ಕಚೇರಿಯ ಸಹಾಯಕ ಮೂರು ಓಲೆಗಳನ್ನು ತಂದು ಕಹಾನನ ಮೇಜಿನ ಮೇಲಿಟ್ಟ. ಯಾವ ವಿಭಾಗಕ್ಕೂ ಹೊಂದುತ್ತಿಲ್ಲ, ಏನು ಮಾಡಲಿ? ಕಹಾನ್ ಅವಕ್ಕೆ ತಾನೇ ಮುನ್ನುಡಿ ಬರೆದು ‘ಎ ಬಿಂಟೆಲ್ ಬ್ರೀಫ್’, ಅಂದರೆ ಕಾಗದಗಳ ಕಟ್ಟು, ಎಂದು ಹೆಸರಿಟ್ಟು ಹಾಕಿದ. ಮೊದಮೊದಲು ಬಂದ ಓಲೆಗಳಲ್ಲಿ ಒಂದು ಬಡ ಹೆಂಗಸಿನದು. ಮನೆಯ ಗಡಿಯಾರ ಕಾಣೆಯಾಗಿದೆ. ನೆರೆಯವಳ ಮೇಲೆ ಗುಮಾನಿ. ಆದರೆ ಅವಳೂ ಬಡವಿ; ಎದುರಿಗೆ ಕೇಳಿದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಪತ್ರಿಕೆಯ ಮೂಲಕ ಬೇಡಿಕೆ: ಗಡಿಯಾರ ಅಡವಿಟ್ಟಿದ್ದರೆ ಅಂಗಡಿಯ ಚೀಟಿಯನ್ನು ಅಂಚೆಯಲ್ಲಿ ಕಳಿಸಿಬಿಡು, ನಾನು ಯಾರಿಗೂ ಹೇಳುವುದಿಲ್ಲ. ಗೋಡೆಯ ಆಚೆಗಿರುವವಳಿಗೆ ದಿನಪತ್ರಿಕೆಯಲ್ಲಿ ಕಾಗದ! ಅವಳು ಓದಿಯೇ ಓದುತ್ತಾಳೆ ಎಂಬ ನಂಬಿಕೆ ಇತ್ತು ನೋಡಿ, ಪ್ರಸಾರ ಸಂಖ್ಯೆ ಎಂದರೆ ಅದು. ಬರೆಯಲು ಬಾರದವರು ಬಲ್ಲವರಿಂದ ಬರೆಸಿ ಕಳಿಸತೊಡಗಿದರು. ಆರಂಭದ ವರ್ಷಗಳಲ್ಲಿ ಉತ್ತರವನ್ನು ಹೆಚ್ಚಾಗಿ ಕಹಾನನೇ ಬರೆಯುತ್ತಿದ್ದ. ಮದುವೆಯ ದಿನದಿಂದ ಕೊಲೆಯ ದಿನದವರೆಗೆ ಏನಾಯಿತು ಎಂಬ ಸ್ಟೆಫನ್ಸ್‌ನ ಪ್ರಶ್ನೆಗೆ ಜನರೇ ತಾವಾಗಿ ಉತ್ತರ ಕಳಿಸತೊಡಗಿದ್ದರು, ಕೊಲೆಗೆ ಮೊದಲೇ.

1912ರ ಹೊತ್ತಿಗೆ ಈಸ್ಟ್ ಬ್ರಾಡ್‌ವೇಯಲ್ಲಿ ಪತ್ರಿಕೆಗೆ ಹತ್ತು ಮಹಡಿಯ ಸ್ವಂತ ಕಟ್ಟಡ ಎದ್ದಿತು. 1920ರ ದಶಕದಲ್ಲಿ ಪ್ರಸಾರ ಎರಡು ಲಕ್ಷ ದಾಟಿತ್ತು.

ಆತನನ್ನು ದೇವರು ಮಾಡಿ ಕೂರಿಸಬೇಡಿ. 1903ರಲ್ಲಿ ಕೇಳಿ ಪಡೆದ ಅಧಿಕಾರ ತಲೆಗೇರಿತು. ಲೇಖಕರ ಬರಹವನ್ನು ಮನಸ್ಸಿಗೆ ಬಂದಂತೆ ಕತ್ತರಿಸುತ್ತಿದ್ದ. 1939ರಲ್ಲಿ ಯಿಡ್ಡಿಷಿನ ಹೆಸರಾಂತ ಕಾದಂಬರಿಕಾರ ಶೋಲೆಮ್ ಆಶ್ ಏಸುವಿನ ಕುರಿತು ಕಾದಂಬರಿ ಬರೆದಾಗ ಅದನ್ನು ಪ್ರಕಟಿಸಲು ಒಪ್ಪದ್ದು ಹಾಗಿರಲಿ, ವರ್ಷಗಳ ಕಾಲ ಆತನ ಬೆನ್ನಟ್ಟಿ ಬರೆದ. ಎಂಬತ್ತರ ಹತ್ತಿರದ ಸಂಪಾದಕ ಮಾಡುವ ಕೆಲಸವೇ ಅದು? ಇನ್ನೊಂದು ಕಡೆ, 1935ರಲ್ಲಿ ಪೋಲೆಂಡಿನಿಂದ ಬಂದ ಐಸಾಕ್ ಬಶೇವಿಸ್ ಸಿಂಗರ್ ಎಂಬ ಸಂಕೋಚದ ಯುವಕನಿಗೆ ಅನ್ನ ಕೊಟ್ಟದ್ದೂ ಅದೇ ಪತ್ರಿಕೆ. 1978ರಲ್ಲಿ ಆತನಿಗೆ ನೊಬೆಲ್ ಬಂತು.

ಕಹಾನನ ಒಳಗಿನ ಕಾದಂಬರಿಕಾರನ ಗತಿ ಏನಾಯಿತು ಎಂದರೆ, 1917ರಲ್ಲಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಕಾದಂಬರಿ ಪ್ರಕಟಿಸಿದ. ಬರಿಗೈಯಲ್ಲಿ ಬಂದು ಬಟ್ಟೆ ವ್ಯಾಪಾರದಲ್ಲಿ ಕೋಟ್ಯಧೀಶನಾಗಿ, ಒಳಗೆ ಬರಿದಾದವನ ಕಥೆ. ಅದರ ನಂತರ ಇಂಗ್ಲಿಷ್ ಕಥಾಲೋಕಕ್ಕೆ ಮರಳಲಿಲ್ಲ. ಇನ್ನೂ ಮೂವತ್ತು ವರ್ಷ ಕೈಯಲ್ಲಿ ಪೆನ್ನಿತ್ತು. ಅದು ಬೇರೆಯವರ ಪ್ರತಿ ತಿದ್ದುವುದರಲ್ಲೇ ಸವೆಯಿತು. ಸಂಪಾದಕಿಯಾಗುವ ಮುನ್ನ ನೀವು ಲೆಕ್ಕ ಹಾಕಬೇಕಾದ ನಷ್ಟ ಇದು. ಕನ್ನಡ ಮರೆತುಹೋಗುತ್ತದೆ ಎಂಬುದಲ್ಲ. 1946ರಲ್ಲಿ ಪಾರ್ಶ್ವವಾಯು ಬಡಿಯುವವರೆಗೂ ಕಹಾನ್ ಕಚೇರಿಗೆ ಬರುತ್ತಿದ್ದ. ತೀರಿಕೊಂಡದ್ದು 1951ರ ಆಗಸ್ಟ್ 31ರಂದು.

ಪತ್ರಿಕೆ 1983ರಲ್ಲಿ ದಿನಪತ್ರಿಕೆಯಿಂದ ವಾರಪತ್ರಿಕೆಯಾಯಿತು, 2019ರಲ್ಲಿ ಅಚ್ಚು ನಿಂತು ಅಂತರ್ಜಾಲಕ್ಕೆ ಸರಿಯಿತು. ಓದುಗರ ಮಕ್ಕಳು ಇಂಗ್ಲಿಷ್ ಕಲಿತಿದ್ದರು; ಕಲಿಯಿರಿ ಎಂದು ಹೇಳಿದ್ದು ಇದೇ ಪತ್ರಿಕೆ.

ಇನ್ನು ನಿಮ್ಮ ವಿಚಾರ. ಶಾಲಾ ಮಂಡಳಿಯ ವರದಿಗಾರಿಕೆಯನ್ನು ಬಿಡಬೇಡಿ, ಎರಡನ್ನೂ ಮಾಡಿ. ಅಲ್ಲಿ ಯಾವ ತಾಯಿ ಎದ್ದು ನಿಂತು ಏನು ಕೇಳಿದಳು ಎಂಬುದು ನಿಮ್ಮ ಕನ್ನಡ ಓದುಗರಿಗೂ ಬೇಕಾದ ಸುದ್ದಿ. ಅವರ ಮಕ್ಕಳು ಓದುವುದು ಅದೇ ಶಾಲೆಯಲ್ಲಿ. ಕೂಟದ ಮಾಸಪತ್ರಿಕೆಯಲ್ಲಿ ರಾಜ್ಯೋತ್ಸವದ ಕವನ ಎಷ್ಟಾದರೂ ಇರಲಿ, ಒಂದು ಪುಟ ಕಾಗದಗಳಿಗೆ ಬಿಡಿ. ವೀಸಾ ಅವಧಿ ಮುಗಿಯುತ್ತಿರುವವರು, ಊರಿನ ಅಮ್ಮನನ್ನು ಕರೆಸಿಕೊಂಡು ಏನು ಮಾಡಬೇಕೆಂದು ತೋಚದವರು, ಮಗಳು ಕನ್ನಡದಲ್ಲಿ ಉತ್ತರಿಸುವುದನ್ನು ನಿಲ್ಲಿಸಿದಳೆಂದು ಒಳಗೇ ಕುಗ್ಗಿದವರು ಬರೆಯುತ್ತಾರೆ. ಹೆಸರು ಹಾಕಬೇಡಿ. ಉತ್ತರ ನೀವೇ ಬರೆಯಿರಿ, ಕಾರ್ಯಕಾರಿ ಸಮಿತಿಗೆ ತೋರಿಸಬೇಡಿ.

ಒಪ್ಪಿಕೊಳ್ಳುವ ಮೊದಲು ಕಹಾನ್ 1903ರಲ್ಲಿ ಕೇಳಿದ್ದನ್ನು ನೀವೂ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮುಖ್ಯವಾಗಿ, ಅಧ್ಯಕ್ಷರ ಸಂದೇಶ ಎಷ್ಟು ಪುಟ, ಅವರ ಭಾವಚಿತ್ರ ಎಷ್ಟು ಅಗಲ ಎಂಬುದನ್ನು ಯಾರು ನಿರ್ಧರಿಸುತ್ತಾರೆ?

ಉತ್ತರಕ್ಕೆ ಅವರು ಒಂದು ವಾರ ಕೇಳಿದರೆ, ಒಂದು ಭಾನುವಾರ ನ್ಯೂಯಾರ್ಕಿಗೆ ಹೋಗಿ ಬನ್ನಿ. ಎಫ್ ರೈಲಿನಲ್ಲಿ ಈಸ್ಟ್ ಬ್ರಾಡ್‌ವೇ ನಿಲ್ದಾಣದಲ್ಲಿ ಇಳಿದರೆ ಸೀವರ್ಡ್ ಪಾರ್ಕಿನ ಎದುರು 175ನೆಯ ನಂಬರಿನ ಕಟ್ಟಡ ಕಾಣುತ್ತದೆ. ಬಾಗಿಲ ಮೇಲೆ ಮಾರ್ಕ್ಸ್, ಎಂಗೆಲ್ಸ್ ಮುಖಗಳನ್ನು ಕೆತ್ತಿದ್ದಾರೆ. ಒಳಗೆ ಈಗ ದುಬಾರಿ ಫ್ಲ್ಯಾಟುಗಳಿವೆ.